ಅರ್ಧ ಹಲಸಿನ ಬಾಡಿಗೆ

ಮೇ ೯, ೧೯೯೯. ಭಾನುವಾರ

ಎಂದಿನಂತೆ ಬೆಳಿಗ್ಗೆ ಜೀಪಿನ ಆಯಿಲ್ ನೋಡಿದೆ, ನೀರು ಹಾಕಿದೆ. ಮಧ್ಯಾಹ್ನ ಬೆಳ್ತಂಗಡಿಯಲ್ಲಿ ಕೆಲಸ. ವಾಪಸು ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯ ಜತ್ತಪ್ಪಣ್ಣ. ತೋಳಲ್ಲಿ ಗಟ್ಟಿ ತೊಳೆಯ ದೊಡ್ಡ ಬಕ್ಕೆ ಹಲಸು, ತಂಗಿ ಕೊಟ್ಟದ್ದಂತೆ. ಹತ್ತಿಸಿಕೊಂಡೆ. "ಅರ್ಧ ನಿಮಗೇ ಟೀಚರೇ" ಎಂದರು.

ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕು. ಸ್ವಲ್ಪ ಬೇಗ ಓಡಿಸಿದೆ. ಗುರುವಾಯನಕೆರೆ ಕಳೆದ ಮೇಲೆ ತಿರುವಿನಲ್ಲಿ ದನ ಅಡ್ಡ ಬಂತು. ಜೀಪು ಚರಂಡಿಗೆ! ದನಕ್ಕೆ ಏನೂ ಆಗಲಿಲ್ಲ. ನಮಗಿಬ್ಬರಿಗೆ ತರಚು ಗಾಯ. ಹಲಸು ಒಡೆದು ಸೀಟೆಲ್ಲ ಮೇಣ. ಪೊಲೀಸರು ಮಹಜರಿನಲ್ಲಿ ಅದನ್ನೂ ಬರೆದುಕೊಂಡರು.

ಜೀಪು ಮೂಡಬಿದ್ರೆಯ ಗ್ಯಾರೇಜಿಗೆ ಹೋಯಿತು. ಮುಂಭಾಗ ಪೂರ್ತಿ ಹೋಗಿದೆ. ಇನ್ಶೂರೆನ್ಸ್ ಉಂಟಲ್ಲ, ಸಮಾಧಾನ.

ಜುಲೈ ೧೭

ಕಂಪೆನಿಯ ಪತ್ರ. ಕ್ಲೈಮ್ ತಿರಸ್ಕಾರ. ಕಾರಣ — "ಹಯರ್ ಆರ್ ರಿವಾರ್ಡ್". ಖಾಸಗಿ ಗಾಡಿಯಲ್ಲಿ ಬಾಡಿಗೆಗೋ ಬೇರೆ ಲಾಭಕ್ಕೋ ಜನ ಹತ್ತಿಸಿದರೆ ವಿಮೆ ಇಲ್ಲವಂತೆ. ನನಗಾದ ಲಾಭ ಯಾವುದು? ಅರ್ಧ ಹಲಸು!

ಮೈ ಉರಿಯಿತು. ನೇರ ಜತ್ತಪ್ಪಣ್ಣನ ಸೈಕಲ್ ಅಂಗಡಿಗೆ ಹೋದೆ. ಕಂಪೆನಿ ಕಳಿಸಿದ್ದ ತನಿಖೆಯವನಿಗೆ ಏನು ಹೇಳಿದಿರಿ ಎಂದೆ.

"ಜೀಪಿನಲ್ಲಿ ಬಂದದ್ದಕ್ಕೆ ಏನಾದ್ರೂ ಕೊಟ್ರಾ ಕೇಳಿದ. ಕೊಟ್ಟೆ ಹೇಳಿದೆ. ಯಾವಾಗ್ಲೂ ಕೊಡ್ತೇನೆ ಹೇಳಿದೆ. ಸುಮ್ಮನೆ ಕೂತು ಬರ್ಲಿಕ್ಕೆ ನಾನೇನು ಗತಿ ಇಲ್ಲದವನಾ ಟೀಚರೇ?"

ಅವರ ಮರ್ಯಾದೆ ಉಳಿಯಿತು. ನನ್ನದು ಹೋಯಿತು. ಬೈಯಲು ಬಾಯಿ ತೆರೆದೆ... ಆ ಮುಖ ನೋಡಿ ಸುಮ್ಮನೆ ಬಂದೆ.

ಜುಲೈ ೨೬

ಶಾಲೆಯ ಸಂಚಾಲಕ ವೀರರಾಜರು ಕರೆಸಿದರು. ನಮ್ಮ ವೇಣೂರಿನಲ್ಲಿ ಸುದ್ದಿಗೆ ಬಸ್ಸು ಬೇಡ.

"ಅನುದಾನದ ಶಾಲೆಯ ಟೀಚರ್ ಜೀಪು ಬಾಡಿಗೆಗೆ ಓಡಿಸುವುದು ಅಂದ್ರೆ ಹೇಗೆ ಅನಂತಮತಿ? ಇದು ಹೌದಾದ್ರೆ ಕೆಲಸ ಉಳಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಜೀಪು ಹೋದರೆ ಹೋಗಲಿ. ಕೆಲಸ? ಹೆಸರು? ನಾಳೆ ಯಾವ ಮುಖ ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳಲಿ? ಬಿಡುವುದಿಲ್ಲ. ಖಂಡಿತ ಬಿಡುವುದಿಲ್ಲ.

ಆಗಸ್ಟ್ ೭

ಬಂಟ್ವಾಳಕ್ಕೆ ಹೋದೆ. ಹಫ್ಸ ಈಗ ವಕೀಲೆ. ನನ್ನ ಕ್ಲಾಸಿನಲ್ಲಿ ಬೆಂಚಿನ ಕೊನೆಯಲ್ಲಿ ಕೂತು ಪ್ರಶ್ನೆ ಕೇಳಿ ಸುಸ್ತು ಮಾಡುತ್ತಿದ್ದ ಹುಡುಗಿ. ಪಾಲಿಸಿಯನ್ನು ಎರಡು ಸಲ ಓದಿದಳು.

"ವಿಮೆ ಕೊಡುವುದಿಲ್ಲ ಹೇಳುವವರೇ ಅದನ್ನು ಸಾಬೀತು ಮಾಡ್ಬೇಕು ಟೀಚರ್. ನೀವಲ್ಲ. ಷರತ್ತಿಗೆ ಎರಡು ಅರ್ಥ ಬಂದ್ರೆ ನಿಮಗೆ ಅನುಕೂಲ ಆಗುವುದನ್ನೇ ಹಿಡೀಬೇಕು. ಅದನ್ನು ಬರೆದದ್ದು ಅವರಲ್ವಾ?"

ಗ್ರಾಹಕರ ಫೋರಂನಲ್ಲಿ ನಾನೇ ಮಾತಾಡಬಹುದಂತೆ. "ಕ್ಲಾಸಿನಲ್ಲಿ ನಮ್ಮನ್ನು ಕೇಳ್ತಿದ್ರಲ್ಲ, ಹಾಗೇ ಕೇಳಿ. ಸಾಕು. ಆದ್ರೆ ಕೇಸು ಮುಗಿಯುವವರೆಗೆ ಯಾರಿಂದಲೂ ಏನೂ ತಕೊಳ್ಬೇಡಿ. ಒಂದು ಕಟ್ಟು ಬಸಳೆ ಕೂಡ."

ನವೆಂಬರ್ ೨೧

ತೆಗೆದುಕೊಳ್ಳದೆ ಇರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬಸಳೆ ಬೇಡ, ಬಾಳೆಗೊನೆ ಬೇಡ. ಟೀಚರಿಗೆ ಜಂಬ ಬಂದಿದೆ ಎಂದು ಊರಲ್ಲಿ ಮಾತು.

ಇವತ್ತು ಜತ್ತಪ್ಪಣ್ಣ ಸೌತೆಕಾಯಿ ತಂದರು. ಬೇಡ ಎಂದೆ.

"ನನ್ನ ಮೇಲೆ ಇನ್ನೂ ಕೋಪ ಉಂಟಾ? ಎಲ್ಲರೂ ತಕೊಳ್ತಾರೆ ಮಾರಾಯ್ರೆ. ಆ ತನಿಖೆಯವ ಕೂಡ ತಕೊಂಡ. ನನ್ನ ಮರದ ಎರಡು ಹಲಸು, ಸ್ಕೂಟರಿಗೆ ನಾನೇ ಕಟ್ಟಿ ಕೊಟ್ಟದ್ದು."

ಅಂಗಳದಲ್ಲೇ ಗಟ್ಟಿಯಾಗಿ ನಕ್ಕೆ. ಜತ್ತಪ್ಪಣ್ಣ ಹೆದರಿದರು. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡೆ.

ಮಾರ್ಚ್ ೨೨, ೨೦೦೦. ರಾತ್ರಿ

ಖುಷಿಗೆ ನಿದ್ದೆ ಬರುತ್ತಿಲ್ಲ.

ಮಂಗಳೂರಿನ ಫೋರಂ. ತನಿಖೆಯವನು ತನ್ನ ವರದಿಯೇ ಸತ್ಯ ಎಂದು ಅಫಿಡವಿಟ್ ಹಾಕಿದ್ದ. ಅವನಿಗೆ ಪ್ರಶ್ನೆ ಕೇಳಲು ಅಧ್ಯಕ್ಷರು ನನಗೆ ಅನುಮತಿ ಕೊಟ್ಟರು. ಎದ್ದು ನಿಂತೆ. ಇದು ಒಂಬತ್ತನೇ ಕ್ಲಾಸೆಂದೇ ಅಂದುಕೊಂಡೆ.

"ಜತ್ತಪ್ಪರ ಮನೆಯಿಂದ ಹೋಗುವಾಗ ನಿಮ್ಮ ಸ್ಕೂಟರಿನಲ್ಲಿ ಏನಿತ್ತು?"

"ಫೈಲು."

"ಫೈಲಿನ ಜೊತೆಗೆ?"

ಅಧ್ಯಕ್ಷರು ಕನ್ನಡಕ ತೆಗೆದರು. ಹಿಂದಿನ ಬೆಂಚಿನಲ್ಲಿ ಜತ್ತಪ್ಪಣ್ಣ ಕೆಮ್ಮಿದರು.

"ಹಲಸಿನ ಹಣ್ಣು... ಅವರೇ ಒತ್ತಾಯ ಮಾಡಿ ಕೊಟ್ಟದ್ದು."

"ನಿಮ್ಮ ವರದಿಗೆ ಕೊಟ್ಟ ಕೂಲಿಯಾ?"

"ಛೆ ಛೆ! ಪ್ರೀತಿಯಿಂದ ಕೊಟ್ಟದ್ದು ಮೇಡಂ. ಇಲ್ಲಿಯ ಜನ ಹಾಗೆಯೇ, ಎಲ್ಲರಿಗೂ ಕೊಡ್ತಾರೆ."

"ಇದನ್ನು ದಯವಿಟ್ಟು ಬರೆದುಕೊಳ್ಳಬೇಕು ಸರ್" ಎಂದು ಅಧ್ಯಕ್ಷರಿಗೆ ಹೇಳಿ ಕೂತುಬಿಟ್ಟೆ. ಕಂಪೆನಿಯ ವಕೀಲರು ತಲೆ ಮೇಲೆತ್ತಲಿಲ್ಲ. ಹಫ್ಸ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಬಸ್ಸು ತೋಡಾರು ಮುಟ್ಟುವಾಗಲೇ ಸೂರ್ಯ ಮುಳುಗಿದ. ಊಟ ಇಲ್ಲ. ಹಸಿವೆ ಇಷ್ಟು ಹಿತವಾಗಿದ್ದದ್ದು ನೆನಪಿಲ್ಲ.

ಏಪ್ರಿಲ್ ೧೯

ಗೆದ್ದೆ! ಗೆದ್ದೆ!

ನೆರೆಯವರು ಕೊಟ್ಟ ಹಣ್ಣು ಬಾಡಿಗೆಯಲ್ಲ, ಬಾಡಿಗೆ ಎಂದು ಕಂಪೆನಿ ಸಾಬೀತು ಮಾಡಿಲ್ಲ — ಆದೇಶದಲ್ಲಿ ಹಾಗೆಯೇ ಇದೆ. ರಿಪೇರಿಯ ಖರ್ಚೆಲ್ಲ ಅವರದ್ದೇ. ಒಂದು ಪ್ರತಿಯನ್ನು ವೀರರಾಜರ ಮೇಜಿನ ಮೇಲೆ ಇಟ್ಟೆ. ಪೂರ್ತಿ ಓದಿದರು. "ಕೂತುಕೊಳ್ಳಿ ಟೀಚರ್" ಎಂದರು. ಹೋದ ಸಲ ನಿಲ್ಲಿಸಿಯೇ ಮಾತಾಡಿದ್ದರು. ನಾನು ಕೂರಲಿಲ್ಲ. ರಜೆಯ ಸ್ಪೆಷಲ್ ಕ್ಲಾಸಿತ್ತು.

ಮೇ ೧೪. ಭಾನುವಾರ, ಮಧ್ಯಾಹ್ನ

ಜೀಪು ಬಂತು. ಮೂಡಬಿದ್ರೆಯಿಂದ ನಾನೇ ಓಡಿಸಿಕೊಂಡು ಬಂದೆ. ಪಕ್ಕದಲ್ಲಿ ಜತ್ತಪ್ಪಣ್ಣ, ಹೊಸ ಪಂಚೆ ಉಟ್ಟುಕೊಂಡು. ಇಳಿಯುವಾಗ ತಲೆ ತಗ್ಗಿಸಿ, "ಈಗ ಕೊಡಬಹುದಾ ಟೀಚರೇ?"

ಅಳು ಬಂತು ನನಗೆ. "ಅರ್ಧ ಅಲ್ಲ, ಪೂರ್ತಿ ಬೇಕು" ಎಂದೆ.

ಈಗ ಜಗಲಿಯಲ್ಲಿ ಹಲಸು ಕೊಯ್ಯುತ್ತಿದ್ದಾರೆ. ಬಕ್ಕೆಯೇ. ಪರಿಮಳ ಮೇಜಿನವರೆಗೆ ಬಂದಿದೆ. ತೊಳೆ ಬಿಡಿಸಲು ನಾನೂ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಬರೆಯುತ್ತಿದ್ದೇನೆ, ಪೆನ್ನು ಬೆರಳಲ್ಲಿ ನಿಲ್ಲುವುದಿಲ್ಲ, ಜಾರು—