ಆ ದಿನ ಬ್ರೇಕ್ ಒತ್ತಿದ್ದು ಯಾರು?

ಅಕ್ಕಾ,

ಈಗ ಎರಡೂ ಮುಕ್ಕಾಲು ಗಂಟೆ. ಕೆಳಗಿನ ರಸ್ತೆಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಾ ಕೀಂ ಕೀಂ ಎಂದು ಕೂಗಿ ನನ್ನನ್ನು ಎಬ್ಬಿಸಿತು. ಇಷ್ಟು ಹೊತ್ತಿನಲ್ಲಿ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಆದರೂ ಅದು ಯಾರಿಗೋ ಹುಷಾರು ಹೇಳುತ್ತಿತ್ತು. ಹೇಳಿಸಿಕೊಂಡವಳು ಮೂರನೇ ಮಹಡಿಯ ನಾನೊಬ್ಬಳೇ. ತೊಟ್ಟಿಲಿನಲ್ಲಿ ನನ್ನ ಪುಟ್ಟ ಬಟಾಣಿ ಮಗ್ಗುಲು ಬದಲಿಸಿದಳು. ಎಂದಿನಂತೆ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರು ಬೆಚ್ಚಗಿತ್ತು. ಇವರ ಮೂಗಿನ ಹತ್ತಿರ ಹಿಡಿಯುವ ಅಗತ್ಯ ಬೀಳಲಿಲ್ಲ, ಗೊರಕೆ ಪಕ್ಕದ ಮನೆಗೂ ಕೇಳುತ್ತಿರಬೇಕು.

ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರವಿಕೊಂಡು ನಿಂತೇ ಬರೆಯುತ್ತಿದ್ದೇನೆ. ಮುಗಿದ ಮೇಲೆ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತೇನೆ. ಮಾತಿಗೆ ಇಳಿದರೆ ನೀನು ನಗಿಸಿ ನಗಿಸಿ ನಾನು ಕೇಳಬೇಕಾದ್ದನ್ನೇ ಮರೆಸಿಬಿಡುತ್ತೀಯ. ಅದಕ್ಕೇ ಮೊದಲು ಪೂರ್ತಿ ಓದು.

ನಾನು ಮೊದಲು ಕೆಲಸ ಮಾಡುತ್ತಿದ್ದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಜಾಗ ಖಾಲಿಯಾಗಿದೆ. ಮೇಡಂ ತಾವಾಗಿಯೇ ಕರೆದಿದ್ದಾರೆ. ಗೇಟಿನ ಪಕ್ಕದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಿದೆ. ಹೋಗಿ ನೋಡಿ ಬಂದೆ, ಆಯಾ ಒಳ್ಳೆಯವರು. ಆದರೆ ಕೆಲಸ ಶುರುವಾಗುವ ಹೊತ್ತಿಗೆ ಅತ್ತ ಬಸ್ಸಿಲ್ಲ. ಇವರ ಆಫೀಸು ಊರಿನ ಇನ್ನೊಂದು ತುದಿಗೆ. ಬಟಾಣಿಯನ್ನು ಹಿಂದಿನ ಸೀಟಿನ ಮೇಲೆ ಮಗುವಿನ ಕುರ್ಚಿಯಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ನಾನೇ ಕಾರು ಓಡಿಸಬೇಕು. ಹೆದ್ದಾರಿ, ಆಮೇಲೆ ಉದ್ದನೆಯ ಇಳಿಜಾರು, ಅದರ ಬುಡದಲ್ಲಿ ಲಾರಿಗಳು ತಿರುಗುವ ಸರ್ಕಲ್. ಬೆಳಗ್ಗೆ ಏಳಕ್ಕೆ ಮೇಡಂಗೆ ಹೂಂ ಅಥವಾ ಊಹೂಂ ಹೇಳಬೇಕು. ಇಲ್ಲದಿದ್ದರೆ ಬೇರೆಯವರನ್ನು ಕರೆಯುತ್ತಾರೆ.

ಇವರನ್ನು ಕೇಳಿದರೆ "ನಿನ್ನಿಷ್ಟ" ಅಂದರು. ಬೇಡ ಅಂದಿದ್ದರೆ ಜಗಳವಾಡಿಕೊಂಡು ಹೋಗುತ್ತಿದ್ದೆ. ಹೋಗು ಅಂದಿದ್ದರೆ ಹೆದರಿ ಉಳಿಯುತ್ತಿದ್ದೆ. ನಿನ್ನಿಷ್ಟ ಅಂದವರನ್ನು ಏನು ಮಾಡುವುದು ಹೇಳು? ಅಮ್ಮನನ್ನು ಕೇಳಿದರೆ "ಮಗು ಸ್ವಲ್ಪ ದೊಡ್ಡದಾಗಲಿ" ಅಂದಳು. ನಿನ್ನ ಜೊತೆ ಈಜು ಕಲಿಯಲು ಹೊರಟಾಗಲೂ ನನ್ನನ್ನು ತಡೆದು ಇದನ್ನೇ ಅಂದಿದ್ದಳು. ನನಗೆ ಇವತ್ತಿಗೂ ಈಜು ಬರುವುದಿಲ್ಲ. ಇನ್ನೆಷ್ಟು ದೊಡ್ಡವಳಾಗಬೇಕೋ ಕಾಣೆ.

ಮನೆಯಲ್ಲೇ ಇದ್ದುಬಿಡುತ್ತೇನೆ ಅಂತ ಹೋದ ವಾರದವರೆಗೂ ಅಂದುಕೊಂಡಿದ್ದೆ. ನಾನು ಮೇಜಿನ ಮೂಲೆಮೂಲೆಗೂ ಸ್ಪಂಜು ಅಂಟಿಸಿದ್ದು ನೋಡಿದ್ದೀಯಲ್ಲ, ಅವಳ ತಲೆಗೆ ತಾಗದಿರಲಿ ಅಂತ? ಹೋದ ವಾರ ಅದನ್ನೇ ಕಚ್ಚಿ ಕಿತ್ತು ಗಂಟಲಿಗೆ ಸಿಕ್ಕಿಸಿಕೊಂಡಳು. ಮುಖ ನೀಲಿಯಾಗತೊಡಗಿತ್ತು. ಮುಂಗೈ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಬಡಿದೆ, ಹೊರಗೆ ಬಿತ್ತು. ಅವಳು ನಕ್ಕಳು. ನಾನು ನೆಲದ ಮೇಲೆ ಕೂತುಬಿಟ್ಟೆ. ಇವರಿಗೆ ಇನ್ನೂ ಹೇಳಿಲ್ಲ. ಆ ಮೂಲೆಯ ಸ್ಪಂಜು ಎಲ್ಲಿ ಅಂತ ಅವರು ಕೇಳಿಯೂ ಇಲ್ಲ.

ಲ್ಯಾಬಿನಲ್ಲಿ ಯಾವ ನೀರಿಗೂ "ಅಪಾಯವಿಲ್ಲ" ಎಂದು ನಾವು ಬರೆದುಕೊಡುತ್ತಿರಲಿಲ್ಲ. "ಕುಡಿಯಲು ಯೋಗ್ಯ" ಎಂದು ಬರೆಯುತ್ತಿದ್ದೆವು, ಅಷ್ಟೇ. ಊರಿಡೀ ಅದನ್ನು ನಂಬಿ ಕುಡಿಯುತ್ತಿತ್ತು, ನಾನೂ ಕುಡಿಯುತ್ತಿದ್ದೆ. ಈಗ ನನ್ನ ಮೇಲೆ ಅಂಥದ್ದೊಂದು ಚೀಟಿ ಅಂಟಿಸಬಲ್ಲವಳು ನೀನೊಬ್ಬಳೇ. ಕಾರು ಕಲಿಸಿದವಳು ನೀನು.

ಡಿಪೋ ಹಿಂದಿನ ಇಳಿಜಾರು ನೆನಪಿದೆಯಾ? ನಿನ್ನ ಡ್ರೈವಿಂಗ್ ಸ್ಕೂಲಿನ ಆ ಲಟಾರಿ ಕಾರು, ನನ್ನ ಕಾಲ ಕೆಳಗೊಂದು ಬ್ರೇಕ್, ಪಕ್ಕದಲ್ಲಿ ಕೂತ ನಿನ್ನ ಕಾಲ ಕೆಳಗೊಂದು, ಒಂದನ್ನು ಒತ್ತಿದರೆ ಇನ್ನೊಂದೂ ಇಳಿಯುತ್ತಿತ್ತು. ಸೈಕಲ್ಲಿನ ತುಂಬ ಖಾಲಿ ನೀರಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವನ ಒಂದು ಕ್ಯಾನು ಉರುಳಿತು. ಅವನು ಸೈಕಲ್ ಬಿಸಾಡಿ ಅದರ ಹಿಂದೆ ಓಡಿ ನೇರ ನಮ್ಮೆದುರಿಗೆ ಬಂದ. ಕಾರು ನಿಂತಿತು. ಅವನು ಬಾನೆಟ್ಟಿಗೆ ಗುದ್ದಿ, "ಏನಮ್ಮಾ, ಕಣ್ಣು ಮನೇಲಿ ಬಿಟ್ಟು ಬಂದಿದೀಯಾ?" ಅಂದ. ನೀನು ತಲೆ ಹೊರಗೆ ಹಾಕಿ, "ಮೊದಲು ನಿಮ್ಮ ಕ್ಯಾನು ಸರಿಯಾಗಿ ಕಟ್ಕೊಳ್ಳಿ ಸ್ವಾಮಿ!" ಅಂದೆ. ಆಮೇಲೆ ನನ್ನ ಬೆನ್ನು ತಟ್ಟಿ, "ಪಾಸಾದೆ ಕಣೇ ಪುಕ್ಕಲಿ. ಎಂಥ ಬ್ರೇಕ್ ಹಾಕಿದೆ!" ಅಂದೆ. ಮನೆಯಲ್ಲೂ ನೀನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಲೈಸೆನ್ಸ್ ಬಂದ ಮೇಲೆ ನಾನು ಓಡಿಸಿದ್ದು ಅಂಗಡಿಗೆ, ಅಮ್ಮನ ಮನೆಗೆ, ಇಷ್ಟೇ. ಹೆರಿಗೆಯಾದ ಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ನಿಜವಾದ ಅಪಾಯ ಎದುರಿಗೆ ಬಂದದ್ದು ಅದೊಂದೇ ಸಲ. ಆ ಧೈರ್ಯವೊಂದನ್ನೇ ನೆಚ್ಚಿಕೊಂಡು ಹೂಂ ಅನ್ನಲು ಹೊರಟಿದ್ದೆ.

ಭಾನುವಾರ ನೀನು ಬಟಾಣಿಯನ್ನು ನೋಡಲು ಬಂದವಳು ಸೋಫಾದ ಮೇಲೆ ಕಾಲು ಚಾಚಿ ಏನಂದೆ? "ಈ ಕಾಲು ಎಷ್ಟು ಜನರನ್ನ ಉಳಿಸಿದೆ ಅಂತ ಅವರಿಗೇ ಗೊತ್ತಿಲ್ಲ. ಬ್ರೇಕ್ ನಾನು ಒತ್ತಿ, ಒತ್ತಿದ್ದು ನೀವೇ ಅಂತ ಕಲಿಯೋರಿಗೆ ಹೇಳಿಬಿಡ್ತೀನಿ. ಇಲ್ಲಾಂದ್ರೆ ಮಾರನೇ ದಿನ ಕಾರು ಹತ್ತೋರೇ ಇರಲ್ಲ." ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನೀನು ಹೊರಟ ಮೇಲೆ ಪಾತ್ರೆ ತೊಳೆಯುತ್ತಿದ್ದ ಕೈ ನಿಂತುಹೋಯಿತು. ಆ ಜನರಲ್ಲಿ ನಾನೂ ಒಬ್ಬಳಾ ಅಕ್ಕಾ? ನನ್ನ ಕಾಲು ಪೆಡಲಿಗೆ ಹೋದದ್ದು ನೆನಪಿದೆ. ಅದು ಹೋಗುವಷ್ಟರಲ್ಲಿ ಪೆಡಲು ತಾನಾಗಿಯೇ ಕೆಳಗಿಳಿದಿತ್ತು ಅಂತ ಈಗ ಅನ್ನಿಸುತ್ತಿದೆ. ನಿಜವಾಗಿ ನೆನಪಾಗುತ್ತಿದೆಯೋ, ನಿದ್ದೆಗೆಟ್ಟ ತಲೆ ಕಟ್ಟಿದ ಕತೆಯೋ, ನನಗಂತೂ ತಿಳಿಯುತ್ತಿಲ್ಲ.

ಅದು ನನ್ನ ಕಾಲು ಅಂತಾದರೆ ಏಳಕ್ಕೆ ಹೂಂ ಅನ್ನುತ್ತೇನೆ, ಸೋಮವಾರ ನಾನೂ ಬಟಾಣಿಯೂ ಹೊರಡುತ್ತೇವೆ. ನಿನ್ನ ಕಾಲು ಅಂತಾದರೆ, ನಿನಗೆ ಬರೆಯಲು ನಿಂತಾಗ ಊಹೂಂ ಅನ್ನಬೇಕು ಅಂತಲೇ ಇದ್ದೆ. ಈಗ ಹಾಗಿಲ್ಲ. ಆಗಲೂ ಹೂಂ ಅನ್ನುತ್ತೇನೆ, ಆದರೆ ನೀನು ಒಂದು ವಾರ ನಿನ್ನ ಬೆಳಗಿನ ಪಾಠ ಬಿಟ್ಟು ನನ್ನ ಪಕ್ಕ ಕೂರಬೇಕು. ನಮ್ಮ ಕಾರಿನಲ್ಲಿ ನಿನ್ನ ಕಾಲ ಕೆಳಗೆ ಬ್ರೇಕಿಲ್ಲ. ಬರೀ ಬಾಯಲ್ಲಿ ಬೈದು ಕಲಿಸಬೇಕು. ಅದು ನಿನ್ನಿಂದಾಗುತ್ತದಾ ಅಂತಲೂ ಏಳರೊಳಗೆ ಗೊತ್ತಾಗಬೇಕು. ಆಗದಿದ್ದರೆ ಊಹೂಂ ಅಂದು ಸುಮ್ಮನಾಗುತ್ತೇನೆ, ನಿನ್ನ ಮೇಲೆ ಮುನಿಸಿಲ್ಲ.

ಮೆಸೇಜ್ ಮಾತ್ರ ಹಾಕಬೇಡ. ನೀನು ಸುಳ್ಳು ಹೇಳುವ ಮೊದಲು ಒಂದು ಸಲ ಕೆಮ್ಮುತ್ತೀಯ, ಚಿಕ್ಕಂದಿನಿಂದ ನೋಡಿದ್ದೇನೆ. ಮೆಸೇಜಿನಲ್ಲಿ ಕೆಮ್ಮು ಕೇಳಿಸುವುದಿಲ್ಲ.

ನಿನ್ನ ಆ ಕಾಲು ನೂರು ವರ್ಷ ಗಟ್ಟಿಯಾಗಿರಲಿ. ಫೋನನ್ನು ಎದೆಯ ಮೇಲಿಟ್ಟುಕೊಂಡೇ ಮಲಗಿರುತ್ತೇನೆ. ಎದ್ದ ಕೂಡಲೇ, ಮುಖ ತೊಳೆಯುವುದಕ್ಕೂ ಮೊದಲು, ಬೆಳಕು ಹರಿಯುವುದರೊಳಗೆ ಒಂದು ಫೋನ್ ಮಾಡೇ ಅಕ್ಕಾ, ದಮ್ಮಯ್ಯ.

ನಿನ್ನ ಪುಕ್ಕಲಿ