ಹಸಿರು ಮುಚ್ಚಳದ ಡಬ್ಬಿಗಳು ನಡೆಸಿದ ಕಗ್ಗೊಲೆ

ಮಾನ್ಯ ಗ್ರಾಹಕ ಹಿತಾಧಿಕಾರಿಗಳೇ,

ಜಿಲ್ಲೆಯ ಸಮಸ್ತ ಜನತೆಯ, ಅಷ್ಟದಿಕ್ಪಾಲಕರ ಹಾಗೂ ತಮ್ಮ ಕಚೇರಿಯ ನಿಂತುಹೋದ ಗಡಿಯಾರದ ಸಾಕ್ಷಿಯಾಗಿ ಈ ಮೂಲಕ ಘೋಷಿಸುವುದೇನೆಂದರೆ: ನನ್ನ ಅಕ್ಕ ಮುನಿಲಕ್ಷ್ಮಿಯ ಮನೆಯಲ್ಲಿ ಇನ್ನು ಮುಂದೆ ಒಂದೇ ಒಂದು ಸೋಪು ಇರತಕ್ಕದ್ದು. ಮೈಗೂ ಅದೇ, ಕೈಗೂ ಅದೇ, ಬಂದ ನೆಂಟರಿಗೂ ಅದೇ. ಅದು ಸವೆದು ಬಿಲ್ಲೆಯಾಗಿ, ಬಿಲ್ಲೆಯೂ ಸವೆದು ಬೆರಳಿಗೆ ಸಿಗದೆ ಜಾರಿಹೋಗುವ ತನಕ ಎರಡನೆಯ ಸೋಪು ಹೊಸ್ತಿಲು ದಾಟಿದರೆ ಅದರ ಕೈಕಾಲು ಮುರಿಯಲಾಗುವುದು. ಸೋಪಿಗೆ ಕೈಕಾಲು ಇಲ್ಲದ ಪಕ್ಷದಲ್ಲಿ, ತಂದವರದ್ದು.

ಒಂದು ಸೋಪಿಗೆ ಇಷ್ಟು ದೊಡ್ಡ ಡಂಗುರವೇ ಎಂದು ತಾವು ಕೇಳಬಹುದು. ಕೇಳಿ. ಈ ಸೋಪಿನ ಹಿಂದೆ ಒಂದು ಹತ್ಯಾಕಾಂಡವಿದೆ ಸ್ವಾಮಿ. ಸತ್ತದ್ದು ಅಕ್ಕ ಸಾಕಿದ ರೇಷ್ಮೆ ಹುಳುಗಳು, ಇಡೀ ಒಂದು ಬೆಳೆ. ಕೊಂದದ್ದು ಬಿಟ್ಟಿಯಾಗಿ ಬಂದ ಇರುವೆ ಪುಡಿ. ಆ ವಿಷವನ್ನು ಹೆಸರಿಲ್ಲದ ಡಬ್ಬಿಯೊಳಗೆ ಅಡಗಿಸಿದ್ದು, ತಾವೇ ಖುದ್ದಾಗಿ ರಿಬ್ಬನ್ನು ಕತ್ತರಿಸಿ ಉದ್ಘಾಟಿಸಿದ ಯೋಜನೆ. ನನ್ನ ದೂರು ಇಷ್ಟೇ. ಇನ್ನು ಮುಂದಿನದೆಲ್ಲ ಸಾಕ್ಷ್ಯ.

ತಮಗೆ ನೆನಪಿರಬಹುದು. ಬೈಪಾಸಿನ ಪಕ್ಕ ಹೊಸದಾಗಿ ತೆರೆದ ದೊಡ್ಡ ಅಂಗಡಿ, ಬಾಳೆಕಂದು, ಶಾಮಿಯಾನ, ತಮ್ಮ ಕೊರಳಿಗೆ ಸೇವಂತಿಗೆ ಹಾರ. 'ಕಸ ಇಳಿಸಿ, ಡಬ್ಬಿ ಗಳಿಸಿ' ಎಂಬ ಬ್ಯಾನರಿನ ಕೆಳಗೆ ನಿಂತು ತಾವು, ಪ್ರತಿಯೊಂದು ಮನೆಯೂ ಅಚ್ಚುಕಟ್ಟಾಗಬೇಕು, ಪ್ಲಾಸ್ಟಿಕ್ ಕವರು ಬೀದಿಗೆ ಬೀಳಬಾರದು ಎಂದು ಮನಮುಟ್ಟುವಂತೆ ಮಾತನಾಡಿದಿರಿ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆ ಅಂಗೈಗಳನ್ನು ಈಗ ಎಲ್ಲಿ ಉಜ್ಜಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಯೋಜನೆ ಹೀಗಿತ್ತು. ಅಂಗಡಿಯಿಂದ ಬಟ್ಟೆಯದೋ ಇರುವೆಯದೋ ಯಾವುದಾದರೊಂದು ಪುಡಿಯ ಪ್ಯಾಕೆಟ್ಟು ಕೊಳ್ಳಬೇಕು. ಮನೆಯಲ್ಲಿ ತುದಿ ಮಾತ್ರ ಕತ್ತರಿಸಿ, ಪುಡಿಯನ್ನು ಬೇರೆಡೆ ಸುರಿದು, ಖಾಲಿ ಕವರನ್ನು ಅಂಗಡಿಗೆ ಹಿಂತಿರುಗಿಸಬೇಕು. ಐದು ಕವರಿಗೆ ಹಸಿರು ಮುಚ್ಚಳದ ಒಂದು ಡಬ್ಬಿ ಉಚಿತ. ಪುಡಿ ಸುರಿಯಲು ಡಬ್ಬಿ ಬೇಕು, ಡಬ್ಬಿ ಸಿಗಲು ಕವರು ಬೇಕು, ಕವರು ಸಿಗಲು ಮತ್ತೆ ಪುಡಿ ಕೊಳ್ಳಬೇಕು. ಎಲೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ಕನ್ನು ಹೊರಗೆ ಕಳಿಸಿ, ಹಲಗೆಯಷ್ಟು ದಪ್ಪನೆಯ ಪ್ಲಾಸ್ಟಿಕ್ಕನ್ನು ಒಳಗೆ ತರಿಸಿ, ಇದಕ್ಕೆ ಕಸ ಇಳಿಸುವುದು ಎಂದು ಹೆಸರಿಟ್ಟ ಆ ಮಹಾ ತಲೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗೆ ಆಸೆ. ನೋಡಿದ ಮೇಲೆ ಏನು ಮಾಡಬೇಕೆಂಬುದನ್ನು ಅಕ್ಕ ತೀರ್ಮಾನಿಸುತ್ತಾಳೆ. ಸೊಪ್ಪು ಕಡಿಯುವ ಮಚ್ಚು ಅವಳ ಬಳಿಯೇ ಇದೆ.

ಹೆಸರು, ಎಚ್ಚರಿಕೆ, ವಿಷದ ಗುರುತು ಎಲ್ಲ ಇದ್ದದ್ದು ಕವರಿನ ಮೇಲೆ. ಕವರು ಅಂಗಡಿಗೆ ಹೋಯಿತು. ಪುಡಿ ಮನೆಯಲ್ಲಿ ಉಳಿಯಿತು. ಇದು ತಮ್ಮ ಗಮನಕ್ಕೆ ಬರಲಿಲ್ಲವೇ? ಅಥವಾ ಕತ್ತರಿ ಹಿಡಿದ ಕೈಗೆ ಓದುವ ಕಣ್ಣು ಬೇಡವೆಂದು ಯಾವುದಾದರೂ ಸುತ್ತೋಲೆ ಇದೆಯೇ?

ಈಗ ನನ್ನ ಭಾವ ಗಂಗುಲಪ್ಪನವರ ವಿಷಯ. ಶಿಡ್ಲಘಟ್ಟದ ಆಚೆ ಊರು, ಹಿಪ್ಪುನೇರಳೆ ತೋಟ, ಮನೆಯೆದುರು ಅಂಗಳ, ಅಂಗಳದಾಚೆ ಹುಳು ಸಾಕುವ ಪ್ರತ್ಯೇಕ ಹುಳುಮನೆ. ಭಾವ ಕುಡಿಯುವವರಲ್ಲ, ಇಸ್ಪೀಟು ಮುಟ್ಟುವವರಲ್ಲ. ಬಿಟ್ಟಿ ಎಂಬ ಪದ ಕಿವಿಗೆ ಬಿದ್ದರೆ ಮಾತ್ರ ಅವರ ಸ್ಕೂಟರು ತಾನಾಗಿಯೇ ಬೈಪಾಸಿಗೆ ತಿರುಗುತ್ತದೆ. ಒಮ್ಮೆ ಹೋದಾಗ ನಡುಮನೆಯಲ್ಲಿ ಫಿನಾಯಿಲ್ ಬಾಟಲಿಗಳು ಮೆರವಣಿಗೆಗೆ ಹೊರಟಂತೆ ನಿಂತಿದ್ದವು.

"ಏನ್ ಭಾವ ಇದು, ಊರಿಗೆಲ್ಲಾ ಬಳೀತೀರಾ?" ಎಂದೆ.

"ನೀನು ಪೇಪರ್‌ನಾಗೆ ಬರ್ಕೊಂಡಿರೋನು, ನಿಂಗೆ ಯಾಪಾರ ಗೊತ್ತಾಗಲ್ಲ ಕಣಪ್ಪ. ಒಂದು ತಗಂಡ್ರೆ ಒಂದು ಬಿಟ್ಟಿ. ಎರಡು ತಗಂಡ್ರೆ ಬಕೆಟ್ಟು. ತಗೊಳ್ದೆ ಬಂದ್ರೆ ಲಾಸ್ ಯಾರಿಗೆ?"

"ಲಾಸ್ ನಂಗೆ ಕಣೋ!" ಎಂದಿತು ಪೊರಕೆಗಳ ರಾಶಿಯ ಹಿಂದಿನಿಂದ ಒಂದು ಧ್ವನಿ. ಭಾವನ ತಾಯಿ ಕೊಂಡಮ್ಮ. "ನನ್ನ ಮಂಚದ ಮೇಲೆ ಪೊರಕೆ ಮಲಗವೆ, ನಾನು ನೆಲದ ಮೇಲೆ ಮಲಗಿವ್ನಿ. ಒರೇಯ್ ಗಂಗುಲಾ, ನುವ್ವು ಇಟ್ಲಾ ಕೊಂಟಾ ಉಂಟೇ ನೇನೆಕ್ಕಡ ಪಡುಕೋವಾಲ್ರಾ?" ಕೊಂಡಮ್ಮನವರಿಗೆ ಸಿಟ್ಟು ನೆತ್ತಿಗೇರಿದರೆ ಭಾಷೆ ಗಡಿ ದಾಟಿ ತೆಲುಗಿಗೆ ಹೋಗಿಬಿಡುತ್ತದೆ; ನೀನು ಹೀಗೆ ಕೊಳ್ಳುತ್ತಲೇ ಇದ್ದರೆ ನಾನೆಲ್ಲಿ ಮಲಗಲಿ ಎಂಬುದು ಅದರ ಸಾರ.

ಮೊದಲ ರಕ್ತ ಹರಿದದ್ದು ಅಟ್ಟದಲ್ಲಿ. ಬಕೆಟ್ಟಿನೊಳಗೆ ಬಕೆಟ್ಟು, ಅದರೊಳಗೆ ಡಿಟರ್ಜೆಂಟ್ ಪುಡಿ, ಮೇಲೆ ನೆಲ ಒರೆಸುವ ಕೋಲುಗಳು. ಇನ್ನೊಂದನ್ನು ಸಿಕ್ಕಿಸಲು ಭಾವ ಕೈಚಾಚಿದಾಗ ಹಲಗೆ ಲಟಕ್ಕನೆ ಮುರಿದು ಇಡೀ ಅಟ್ಟ ಅವರ ಮೇಲೆ ಬಿತ್ತು. ನೆತ್ತಿ ಒಡೆದು ರಕ್ತ ಹುಬ್ಬಿಗಿಳಿಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬರುವ ದಾರಿಯಲ್ಲೂ ಬೈಪಾಸಿನಲ್ಲಿ ನಿಲ್ಲಿಸಿ, ಒಂದಕ್ಕೆ ಇನ್ನೊಂದು ಬಿಟ್ಟಿಯೆಂದು ಎರಡು ಪೆಟ್ಟಿಗೆ ಬ್ಯಾಂಡೇಜು ತಂದರು. ಎರಡನೆಯ ಪೆಟ್ಟಿಗೆಗೆ ಬೇಕಾದ ಗಾಯವನ್ನು ತಾನೇ ಮಾಡಿಕೊಡುವುದಾಗಿ ಕೊಂಡಮ್ಮ ಒನಕೆ ಹಿಡಿದುಕೊಂಡು ಬಂದರು.

ಅಟ್ಟ ಮುರಿದ ಮೇಲೆ ಸಾಮಾನು ಎಲ್ಲಿಗೆ? ಹುಳುಮನೆಯ ಜಗಲಿಗೆ.

ರೇಷ್ಮೆ ಹುಳು ಎಂಥ ಸೂಕ್ಷ್ಮ ಜೀವಿ ಎಂಬುದು ತಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಹುಳು ಸಾಕುವಾಗ ಅಕ್ಕ ತಲೆಗೆ ವಾಸನೆಯ ಎಣ್ಣೆ ಹಚ್ಚುವುದಿಲ್ಲ. ಮುಖಕ್ಕೆ ಪೌಡರಿಲ್ಲ, ಸೊಳ್ಳೆ ಬತ್ತಿಯಿಲ್ಲ, ದೇವರಿಗೂ ಊದಿನಕಡ್ಡಿಯಿಲ್ಲ. ಬೀಡಿ ಸೇದಿ ಬಂದ ನೆಂಟನನ್ನು ಅವಳು ಅಂಗಳದಿಂದಲೇ ವಾಪಸ್ ಕಳಿಸಿದ್ದುಂಟು. ಅಂಥವಳು ಜಗಲಿಯ ಮೇಲಿನ ರಾಶಿ ನೋಡಿ ಸುಮ್ಮನಿರುತ್ತಾಳೆಯೇ?

"ವಾಸ್ನೆ ಪದಾರ್ಥ ಈ ಕಡೆ ತರಬ್ಯಾಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು?"

"ವಾಸ್ನೇದು ಎಲ್ಲಾ ಮನೆ ಒಳಗೇ ಐತೆ ಕಣೇ. ಇವು ಬರೀ ಪುಡಿ, ಬಕೆಟ್ಟು, ಕೋಲು. ಮುಚ್ಚಳ ಟೈಟ್ ಐತೆ ನೋಡು," ಎಂದರು ಭಾವ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆದರೆ ತಮ್ಮ ಭಾಷಣದ ಅಚ್ಚುಕಟ್ಟು ಅವರ ತಲೆಯೊಳಗೆ, ಹೊಲಿಗೆಗಳ ನಡುವೆಯೇ ಹೊಕ್ಕು ಕೂತಿತ್ತು. ಹುಳುಮನೆಯ ಮೂಲೆಯಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬದಲ್ಲಿ ಅಕ್ಕ ಸುಣ್ಣದ ಪುಡಿ ಇಟ್ಟಿದ್ದಳು. 'ನೀಟಾಗಿರ್ಲಿ' ಎಂದು ಭಾವ ಅದನ್ನೂ ಹಸಿರು ಮುಚ್ಚಳದ ಡಬ್ಬಿಗೆ ಸುರಿದು, ಜಗಲಿಯ ಸಾಲಿಗೆ ಸೇರಿಸಿ, ತುಕ್ಕು ಡಬ್ಬವನ್ನು ತಿಪ್ಪೆಗೆ ಎಸೆದರು. ಸುಣ್ಣದ ಪಕ್ಕದಲ್ಲೇ ಇನ್ನೊಂದು ಡಬ್ಬಿ. ಅದೇ ಅಳತೆ, ಅದೇ ಮುಚ್ಚಳ, ಅದೇ ಬಿಳಿ ಪುಡಿ. ನೆಲ ಒರೆಸುವ ದ್ರಾವಣದ ಜೊತೆ ಬಿಟ್ಟಿಯಾಗಿ ಬಂದ ಇರುವೆ ಪುಡಿ.

ಹುಳು ಪೊರೆ ಬಿಡುವ ಹೊತ್ತಿಗೆ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲುಗದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಡೆಯ ಜ್ವರ. ಅದು ದಾಟಿದರೆ ಹುಳು ಹಗಲೂ ಇರುಳೂ ಮಳೆ ಬಿದ್ದಂತೆ ಸದ್ದು ಮಾಡುತ್ತ ಸೊಪ್ಪು ಮೇಯ್ದು ಗೂಡು ಕಟ್ಟುತ್ತದೆ. ಜ್ವರದಲ್ಲಿರುವಾಗ ಹಾಸು ಒಣಗಿರಲೆಂದು ಸುಣ್ಣದ ಪುಡಿ ಚಿಮುಕಿಸುತ್ತಾರೆ. ಆ ನಾಲ್ಕನೆಯ ಜ್ವರದ ಬೆಳಗ್ಗೆ ಅಕ್ಕ ಸುಣ್ಣವೆಂದೇ ಪಕ್ಕದ ಡಬ್ಬಿ ತೆಗೆದುಕೊಂಡು, ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಒಂದೊಂದು ತಟ್ಟೆಯ ಮೇಲೂ ಹಸುಗೂಸಿಗೆ ಪೌಡರು ಹಾಕುವಂತೆ ತಟ್ಟುತ್ತಾ ಹೋದಳು.

ನಾನು ಊಟಕ್ಕೆಂದು ಚಿಂತಾಮಣಿಯಿಂದ ಹೋಗಿ ಇಳಿದಾಗ ಹುಳುಮನೆಯ ಬಾಗಿಲು ತೆರೆದಿತ್ತು. ಒಳಗಿನದನ್ನು ತಮ್ಮ ಊಟದ ಹೊತ್ತು ನೋಡದೆ ಬರೆಯುತ್ತೇನೆ. ಹುಳುಗಳು ಅರ್ಧ ಮೈ ಮೇಲೆತ್ತಿ ಅತ್ತಿಂದಿತ್ತ ಬಡಿದುಕೊಳ್ಳುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಒಂದರ ಮೇಲೊಂದು ಹೊರಳಿ, ಒಂದರ ವಾಂತಿಯಲ್ಲಿ ಇನ್ನೊಂದು ಮುಳುಗಿ, ಬೆರಳಿನಷ್ಟಿದ್ದ ಮೈ ಕಡ್ಡಿಯಷ್ಟಾಗಿ ಮುರುಟಿ ಕಪ್ಪಾಗುತ್ತಿದ್ದವು. ಕಿರುಚಲು ಗಂಟಲಿಲ್ಲದ ಪ್ರಾಣಿಗಳು. ತಟ್ಟೆಯ ಕಾಗದದ ಮೇಲೆ ಮೈ ಬಡಿದುಕೊಳ್ಳುವ ಸರಪರ ಸದ್ದು ಮಾತ್ರ ಕೇಳುತ್ತಿತ್ತು. ಮಳೆಯ ಸದ್ದು ಬರಬೇಕಾಗಿದ್ದ ಮನೆ ಅದು.

ಅಕ್ಕ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದುಕೊಂಡು ನಿಂತಿದ್ದಳು.

"ನಾನೇ ಕಣೋ," ಎಂದಳು. "ಇದೇ ಕೈ. ನಾನೇ ಹೊಡೆದೆ."

ಆಮೇಲೆ ಅವಳು ಮಚ್ಚು ತೆಗೆದುಕೊಂಡಳು.

ಜಗಲಿಯ ಮೇಲಿನ ಯಾವ ಡಬ್ಬಿಗೂ ಅಂದು ಕ್ಷಮೆ ಸಿಗಲಿಲ್ಲ. ಮೊದಲ ಏಟಿಗೆ ಬಿಳಿ ಪುಡಿ ಮೋಡದಂತೆ ಎದ್ದಿತು. ಕೆಮ್ಮುತ್ತಲೇ ಕಡಿದಳು. ಬಕೆಟ್ಟುಗಳ ಬೆನ್ನು ಸೀಳಿದಳು, ಕೋಲುಗಳ ಕತ್ತು ಹಾರಿಸಿದಳು. ಕೊಂಡಮ್ಮ ಒನಕೆಯಿಂದ ಮನೆಯೊಳಗಿನ ಫಿನಾಯಿಲ್ ಬಾಟಲಿಗಳನ್ನು ಬಡಿದರು. ಬಾಗಿಲಿನಿಂದ ಹೊಳೆ ಹರಿದು ಅಂಗಳದ ಕೋಳಿಗಳು ಬೇಲಿ ಹಾರಿ ಓಡಿದವು. ಭಾವ ತಡೆಯಲು ಬಂದರು. ಹಾರಿದ ಮುಚ್ಚಳವೊಂದು ಸರಿಯಾಗಿ ಹಳೆಯ ಹೊಲಿಗೆಗೇ ಬಡಿಯಿತು. ಅವರು ಬಿಟ್ಟಿ ಬಂದ ಕೊಡೆಯೊಂದನ್ನು ಬಿಚ್ಚಿ ಗುರಾಣಿಯಂತೆ ಹಿಡಿದರು. ಕೊಡೆ ಬಿಚ್ಚಿದ ರಭಸಕ್ಕೆ ಬಟ್ಟೆ ಒಂದು ಕಡೆ, ಕಡ್ಡಿ ಒಂದು ಕಡೆ ಆಯಿತು. ಬಿಟ್ಟಿ ಕೊಡೆಯ ಗುಣಮಟ್ಟದ ಬಗ್ಗೆ ಪ್ರತ್ಯೇಕ ದೂರು ಕೊಡುವ ಹಕ್ಕನ್ನು ಕಾದಿರಿಸಿದ್ದೇನೆ.

ಕಡೆಗೆ ಮಚ್ಚು ಕೈಜಾರಿತು. ಭಾವ ಹಣೆಯ ರಕ್ತವನ್ನು ಒರೆಸಿಕೊಳ್ಳದೆ ಹೋಗಿ ಗುದ್ದಲಿ ತಂದು, ತೋಟದಾಚೆಯ ಬೀಳು ಜಾಗದಲ್ಲಿ ಗುಂಡಿ ತೋಡಿದರು. ಸತ್ತ ಹುಳುಗಳನ್ನು ಬುಟ್ಟಿ ಮಂಕರಿಗಳಲ್ಲಿ ಹೊತ್ತು ತಂದು ಸುರಿದರು, ಮಣ್ಣೆಳೆದರು. ಅಕ್ಕ ಹುಳುಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಅತ್ತೆಯ ಮುಂದೆ ಎಸೆದಳು. "ಈ ಕೈ ಇನ್ನ ಹುಳ ಮುಟ್ಟಲ್ಲ." ಮುಂದಿನ ಬೆಳೆಗೆ ಸೊಪ್ಪು ಚಿಗುರಿ ಎದೆಯೆತ್ತರ ನಿಂತಿತು. ಅವಳು ತೋಟದ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಊರಿನ ಮೇಕೆಗಳು ಹಬ್ಬ ಮಾಡಿದವು.

ನಾನು ಚಿಕ್ಕಬಳ್ಳಾಪುರಕ್ಕೆ, ತಮ್ಮ ಸನ್ನಿಧಾನಕ್ಕೆ ಬಂದೆ. ತಾವಿರಲಿಲ್ಲ, ಬಹುಶಃ ಇನ್ನೊಂದು ರಿಬ್ಬನ್ನಿನ ಕರೆ ಬಂದಿತ್ತು. ತಮ್ಮ ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟರು.

"ಇರುವೆ ಪುಡಿಗೆ ಬಿಲ್ ಐತಾ ಸಾರ್?"

"ಅದು ಬಿಟ್ಟಿ ಬಂದಿದ್ದು."

"ಹಂಗಾದ್ರೆ ನೀವು ಕೊಂಡಿಲ್ಲ. ಕೊಳ್ಳದೆ ಇರೋರು ಗ್ರಾಹಕರಾಗಲ್ಲ ಸಾರ್. ಗ್ರಾಹಕರಲ್ಲದೋರ ದೂರು ನಾವು ತಗೊಳ್ಳಂಗಿಲ್ಲ."

"ಮತ್ತೆ ಸತ್ತಿದ್ದು?"

"ಹುಳನೂ ಗ್ರಾಹಕ ಅಲ್ಲವಲ್ಲ ಸಾರ್," ಎಂದು ಅವರು ಬಹಳ ಬೇಸರದಿಂದಲೇ ಹೇಳಿದರು. ಅವರ ಮೇಜಿನ ಮೇಲೆ ಹಸಿರು ಮುಚ್ಚಳದ ಡಬ್ಬಿಯಿತ್ತು. ಒಳಗೆ ಬಿಳಿ ಪುಡಿ. ಸಕ್ಕರೆ ಪುಡಿಯಂತೆ, ಚಹಾಕ್ಕೆ. "ಖಂಡಿತವಾ?" ಎಂದೆ. ಅವರು ಡಬ್ಬಿಯನ್ನೂ ನನ್ನನ್ನೂ ನೋಡಿ ಚಹಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

ಮಾನ್ಯರೇ, ಅಂದು ಆ ಇರುವೆ ಪುಡಿ ಹುಳುಮನೆಗೆ ಹೋಯಿತು. ಅಡುಗೆಮನೆಗೆ ಹೋಗಿದ್ದರೆ? ಉಪ್ಪಿನ ಪಕ್ಕ ಕೂತಿದ್ದರೆ? ಬಿಟ್ಟಿ ಕೊಟ್ಟವನಿಗೆ ಹೊಣೆಯಿಲ್ಲ, ಬಿಟ್ಟಿ ಪಡೆದವನಿಗೆ ಹಕ್ಕಿಲ್ಲ, ನಡುವೆ ಸತ್ತವರಿಗೆ ಬಿಲ್ಲಿಲ್ಲ. ಇಂಥ ನಿರ್ಮಲ ವ್ಯವಸ್ಥೆಯನ್ನು ಒರೆಸಿ ಹೊಳಪು ಕೊಡಲು ಎಷ್ಟು ಬಾಟಲಿ ಫಿನಾಯಿಲ್ ಬೇಕಾಯಿತು?

ತಾವು ಮಾಡದ್ದನ್ನು ಕೊಂಡಮ್ಮ ಮಾಡಿದರು. ಸ್ಕೂಟರಿನ ಕೀಲಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಸನ ಹೊರಡಿಸಿದರು. ಇದ್ದದ್ದು ಮುಗಿಯದೆ ಹೊಸದು ಬರಕೂಡದು. ಸೋಪು ಒಂದು. ಪೊರಕೆ ಎರಡು, ಒಳಗೊಂದು ಹೊರಗೊಂದು. ಬಿಳಿ ಪುಡಿ ಎರಡೇ: ಉಪ್ಪು ಅಡುಗೆಮನೆಯಲ್ಲಿ, ಸುಣ್ಣ ಹುಳುಮನೆಯಲ್ಲಿ, ನಡುವೆ ಇಡೀ ಅಂಗಳ. ಭಾವ ತಿಪ್ಪೆ ಕೆದಕಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವನ್ನು ಹುಡುಕಿ ತೊಳೆದು ತಂದು ಅಕ್ಕನ ಮುಂದಿಟ್ಟರು. ಅವಳು ಅದರ ಮುಚ್ಚಳ ತೆಗೆದು, ಒಳಗೆ ತೇವ ಉಳಿದಿದೆಯೇ ಎಂದು ಬೆರಳಾಡಿಸಿದಳು. ಆಮೇಲೆ, "ಮರಿಹುಳ ಬರೋದಾದ್ರೆ ತಟ್ಟೆಗೆ ಹಾಸೋಕೆ ಪೇಪರ್ ಬೇಕಾಯ್ತದೆ," ಎಂದಳು. ಯಾರಿಗೆ ಹೇಳಿದಳೋ, ಡಬ್ಬಕ್ಕೋ. ಬೀಗದ ಕೈಯನ್ನು ಮಾತ್ರ ಇನ್ನೂ ಮುಟ್ಟಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಯೋಜನೆಯ ಕತ್ತು ಹಿಸುಕಿ. ವಿಷದ ಕವರು ಯಾವ ಅಂಗಡಿಗೂ ವಾಪಸ್ ಹೋಗಕೂಡದು. ಬಿಟ್ಟಿ ಬಂದದ್ದರ ಮೇಲೂ ದೂರು ದಾಖಲಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾವೇ ಬಂದು ಅಕ್ಕನ ಎದುರು ನಿಂತು, 'ಅಮ್ಮಾ, ಕೊಂದದ್ದು ನಿಮ್ಮ ಕೈಯಲ್ಲ' ಎಂದು ಹೇಳಬೇಕು. ನಾನು ಹೇಳಿದರೆ ತಮ್ಮನ ಮಾತು, ಭಾವ ಹೇಳಿದರೆ ಅಪರಾಧಿಯ ಮಾತು. ಕತ್ತರಿ ಹಿಡಿದವರು ಹೇಳಿದರೆ ನಂಬಿಯಾಳು. ಬರುವಾಗ ಸೆಂಟು ಹಾಕಿಕೊಳ್ಳಬೇಡಿ. ಮಚ್ಚನ್ನು ನಾನು ಅಡಗಿಸಿಡುತ್ತೇನೆ. ಒನಕೆಯ ಬಗ್ಗೆ ಭರವಸೆ ಕೊಡಲಾರೆ.

ಇಂತಿ,
ಮಚ್ಚಿನಿಂದ ತಪ್ಪಿಸಿಕೊಂಡು ಬಂದ ಬಕೆಟ್ಟುಗಳಿಗೆಲ್ಲ ತನ್ನ ಮನೆಯಲ್ಲಿ ಆಶ್ರಯ ಕೊಟ್ಟು, ಈಗ ಬಚ್ಚಲಿಗೆ ಅಡ್ಡಡ್ಡವಾಗಿ ಹೋಗುತ್ತಿರುವ,
ವೇಣುಗೋಪಾಲ್, ಚಿಂತಾಮಣಿ

ಈ ಬಹಿರಂಗ ಪತ್ರವನ್ನು ನಮ್ಮ ಪತ್ರಿಕೆಯಲ್ಲಿ ಓದುತ್ತಿರುವವರಲ್ಲಿ ಒಂದು ಸಣ್ಣ ಕೋರಿಕೆ: ಓದಿ ಮುಗಿಸಿದ ಮೇಲೆ ಈ ಪತ್ರಿಕೆಯಲ್ಲಿ ಬೋಂಡ ಕಟ್ಟಬೇಡಿ, ಕಪಾಟಿಗೆ ಹಾಸಬೇಡಿ, ಊದಿನಕಡ್ಡಿಯ ಪಕ್ಕ ಇಡಬೇಡಿ. ಮಡಿಸಿ ನಮ್ಮ ಪತ್ರಿಕೆ ಹಾಕುವವರ ಕೈಗೇ ವಾಪಸ್ ಕೊಡಿ. ನಾನು ಅಕ್ಕನ ಮನೆ ಜಗಲಿಗೆ ಮುಟ್ಟಿಸುತ್ತೇನೆ. ಕಾಗದದ ಕಟ್ಟು ಕಣ್ಣೆದುರು ಬೆಳೆಯುತ್ತಿದ್ದರೆ ಒಂದು ದಿನ ಅವಳ ಕೈ ಬೀಗದ ಕೈಯತ್ತ ಹೋದೀತು. ಕಡೆಯ ಪುಟದಲ್ಲಿ ಆ ಅಂಗಡಿಯ ಆಫರ್ ಇದ್ದರೂ ಹರಿಯಬೇಡಿ, ಹಾಗೇ ಕೊಡಿ. ಹುಳುಗಳಿಗೆ ಓದಲು ಬರುವುದಿಲ್ಲ.