ಬೋರಲಿಂಗಣ್ಣನ ಭಾಷಣ

೨೪ ಜೂನ್ ೨೦೨೫, ಮಂಗಳವಾರ. ಕೊಪ್ಪ.

ನಾಡಿದ್ದು ಮಾದಕವಸ್ತು ವಿರೋಧಿ ದಿನ. ಅತಿಥಿ, ಮೆಡಿಕಲ್ ಸ್ಟೋರಿನ ಬೋರಲಿಂಗಣ್ಣ. "ಕನ್ನಡ ಎಂ.ಎ. ಓದಿದ್ದೀಯಲ್ಲಮ್ಮಿ, ಎಲ್ಡು ಪುಟ ಗೀಚ್ಕೊಡು, ಅಂಗೇ ಓದ್ಬುಡ್ತೀನಿ" ಎಂದ. ನೆಲ ನೋಡುತ್ತಾ ಹೂಂ ಎಂದೆ.

ಬರೆದು ಮುಗಿಸಿದೆ. ಎರಡು ಔಷಧಿಗಳ ಹೋಲಿಕೆ. ಆಲೆಮನೆಯ ಗಾಣಕ್ಕೆ ಸಿಕ್ಕ ನನ್ನಣ್ಣನ ಕೈ ಹೊಲಿಯುವಾಗ ನೋವು ತಿಳಿಯದಿರಲೆಂದು ಆಸ್ಪತ್ರೆಯಲ್ಲಿ ಕೆಟಮಿನ್ ಕೊಟ್ಟಿದ್ದರು. "ಈ ಕೈ ನಂದಲ್ಲ ಕಣಮ್ಮಿ" ಎಂದು ನಕ್ಕಿದ್ದ. ಚಟವಾದರೆ ಅದು ಮೂತ್ರಕೋಶವನ್ನೇ ಕೆಡಿಸುತ್ತದೆ. ಆದರೆ ಅಂದು ಪಕ್ಕದಲ್ಲಿ ಡಾಕ್ಟರಿದ್ದರು. ಸಂಜೆಗೆ ಕೈ ಅವನದೇ ಆಯಿತು. ಈ ಮಾರ್ಚಿನಲ್ಲಿ ಬಾಟಲಿಗಟ್ಟಲೆ ಕೆಮ್ಮಿನ ಸಿರಪ್ಪು ಕುಡಿದು ಫೋನಿನಲ್ಲಿ ಅದೇ ಮಾತು ಹೇಳಿದ. ಅದರಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಮಿತಿಮೀರಿದರೆ ಹಾಗೆಯೇ ಮೈಯನ್ನೂ ಮನಸ್ಸನ್ನೂ ಬೇರೆ ಮಾಡುತ್ತದೆ. ಆಗ ಪಕ್ಕದಲ್ಲಿದ್ದದ್ದು ನಾಲೆ ಮಾತ್ರ.

ಡಾಕ್ಟರ ಚೀಟಿಯಿಲ್ಲದೆ ಆ ಬಾಟಲಿಗಳನ್ನು ಮಾರಿದವನು ಬೋರಲಿಂಗಣ್ಣ. ನಾಲೆಯಿಂದ ಅಣ್ಣನ ಹೆಣ ಎತ್ತುವಾಗ "ಕುಡುಕ್ ನನ್ಮಗ" ಎಂದವನೂ ಅವನೇ.

ಭಾಷಣದ ಕೊನೆಯ ಸಾಲು: "ಆ ಬಾಟಲಿಗಳನ್ನು ಮಾರಿದವನು ನಾನು."

ಓದಿಯೇ ಓದುತ್ತಾನೆ. ಹೋದ ಆಗಸ್ಟ್ ಹದಿನೈದಕ್ಕೆ ನಾನು ಬರೆದುಕೊಟ್ಟಿದ್ದರಲ್ಲಿ "ಇಲ್ಲಿ ಚಪ್ಪಾಳೆಗೆ ನಿಲ್ಲಿ" ಎಂಬುದನ್ನೂ ಮೈಕಿನಲ್ಲಿ ಓದಿದ್ದ.

ಕನ್ನಡಕ ಮರೆತು ಬಂದರೂ ಕಾಣುವಂತೆ ದೊಡ್ಡಕ್ಷರದಲ್ಲಿ ಬರೆದಿದ್ದೇನೆ. ಅಮ್ಮನನ್ನು ಮುಂದಿನ ಸಾಲಿನಲ್ಲೇ ಕೂರಿಸಬೇಕು. ಏನು ಹೇಳಿ ಕರೆದುಕೊಂಡು ಹೋಗಲಿ, ಮಾರ್ಚಿನಿಂದ ಅವಳು ಹೊಸ್ತಿಲು ದಾಟಿಲ್ಲ, ನಾಳೆ ಬೆಳಿಗ್ಗೆ ಮೆಲ್ಲಗೆ ಮಾತು ತೆಗೆದು…